ಕೀಬೋರ್ಡಿಗೆ ಬೀಗ ಹಾಕಿಸಿದವರು

ಕಳೆದ ತಿಂಗಳು ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಊಟ ಮುಗಿಸಿ ಬಸ್ ನಿಲ್ದಾಣದ ಕಡೆ ನಡೆಯುವಾಗ ಕಾಲು ತಾನಾಗಿ ರೇಷ್ಮೆ ಗೂಡಿನ ಮಾರುಕಟ್ಟೆಯ ಹಿಂದಿನ ರಸ್ತೆಗೆ ತಿರುಗಿತು. ಅಲ್ಲಿ ಕಂಪ್ಯೂಟರ್ ರಿಪೇರಿಯವರ ಒಂದು ಪುಟ್ಟ ಅಂಗಡಿ ಇತ್ತು. ಬೋರ್ಡಿಲ್ಲದ ಅಂಗಡಿ. ಬಾಗಿಲಲ್ಲಿ ಹೊಟ್ಟೆ ಬಿಚ್ಚಿದ ನಾಲ್ಕೈದು ಕಂಪ್ಯೂಟರ್ ಸದಾ ಬಿದ್ದಿರುತ್ತಿದ್ದುದೇ ಅದರ ಬೋರ್ಡು. ಈಗ ನೋಡಿದರೆ ಅಲ್ಲಿ ಬಣ್ಣಬಣ್ಣದ ಮೊಬೈಲ್ ಕವರುಗಳು ತೂಗಾಡುತ್ತಿವೆ. ಅಂಗಡಿಯವರು ಏನಾದರು ಎಂದು ಪಕ್ಕದ ದರ್ಜಿಯನ್ನು ಕೇಳುವುದಕ್ಕೆ ಎರಡು ನಿಮಿಷ ಹಿಂದೆ ಮುಂದೆ ನೋಡಿದೆ. ಆತ ಹೊಲಿಗೆ ನಿಲ್ಲಿಸದೆಯೇ, ಕಣ್ಣು ಮಂಜಾಯಿತು, ಕೆಲಸ ಬಿಟ್ಟರು, ಚಿಕ್ಕಬಳ್ಳಾಪುರದಲ್ಲಿ ಮಗಳ ಮನೆಯಲ್ಲಿ ಆರಾಮಾಗಿದ್ದಾರೆ ಎಂದ. ಹೋದ ಜೀವ ಬಂದ ಹಾಗಾಯಿತು. ಕೇಳದಿದ್ದರೂ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ.

ಅವರ ಹೆಸರು ಬರೆಯುವುದಿಲ್ಲ. ನಾವ್ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಕಂಪ್ಯೂಟರ್ ಇಟ್ಟುಕೊಂಡು ಪಾಡು ಪಡುತ್ತಿದ್ದ ಎಲ್ಲರಿಗೂ ಅವರು ಬರೀ ‘ಭಾಯ್’.

ನಾನು ಚಿಂತಾಮಣಿಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವಳು. ಟೈಪ್‌ರೈಟರುಗಳು ಮೂಲೆ ಸೇರಿ ಕಂಪ್ಯೂಟರುಗಳು ಬಂದಾಗ, ಇಂಗ್ಲಿಷ್ ಟೈಪಿಂಗ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆ ವಿಭಾಗ ನನ್ನ ತಲೆಗೆ ಬಿತ್ತು. ನನ್ನ ಗುಣ ಗೊತ್ತಿದ್ದವರಿಗೆ ಗೊತ್ತು: ಯಾರು ಏನು ಹೇಳಿದರೂ ‘ಯಾಕೆ’ ಎಂದು ಕೇಳದೆ ಒಪ್ಪಿದವಳಲ್ಲ. ಮದುವೆ ಮಂಟಪದಲ್ಲಿ ಪುರೋಹಿತರು ಬಲಕ್ಕೆ ಕೂತುಕೋ ಎಂದಾಗಲೂ ಯಾಕೆ ಎಂದಿದ್ದೆನಂತೆ. ನನ್ನಮ್ಮ ಅದನ್ನು ಸಾಯುವತನಕ ಆಡಿಕೊಂಡಳು.

ಭಾಯ್ ಮೊದಲ ಸಲ ನಮ್ಮ ಕಾಲೇಜಿಗೆ ಬಂದದ್ದು ಸರ್ವರ್ ನೋಡಲು. ಆಡಳಿತ ಮಂಡಳಿಯವರು ಬೆಂಗಳೂರಿನ ಯಾವುದೋ ಮುಚ್ಚಿದ ಕಂಪನಿಯಿಂದ ಅದನ್ನು ಹಳೆಯದಾಗಿ ತಂದಿದ್ದರು. ಮೊಣಕಾಲೆತ್ತರದ ಕಪ್ಪು ಪೆಟ್ಟಿಗೆ. ಮುಂಭಾಗದಲ್ಲಿ ಒಂದರ ಕೆಳಗೊಂದು ನಾಲ್ಕು ಖಾನೆ, ಖಾನೆಗೊಂದು ಡಿಸ್ಕ್. ಹಿಡಿ ಹಿಡಿದು ಎಳೆದರೆ ಮೇಜಿನ ಡ್ರಾಯರಿನಂತೆ ಹೊರಗೆ ಬರುತ್ತಿದ್ದವು. ಒಳಗಡೆ ರೇಡ್ ಕಾರ್ಡ್ ಎಂಬುದೊಂದು ಇತ್ತು. ನಾವು ಬರೆದದ್ದನ್ನು ತುಂಡು ತುಂಡು ಮಾಡಿ ನಾಲ್ಕೂ ಡಿಸ್ಕಿಗೆ ಹಂಚಿ, ಬೇಕಾದಾಗ ಕೂಡಿಸಿ ಕೊಡುವುದು ಅದರ ಕೆಲಸ. ಒಂದು ಡಿಸ್ಕ್ ಕೆಟ್ಟರೂ ಉಳಿದ ಮೂರರಿಂದ ಎಲ್ಲವನ್ನೂ ಹೊಂದಿಸಿಬಿಡುತ್ತದೆ ಎಂದು ಭಾಯ್ ವಿವರಿಸಿದರು. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ತಳ್ಳಿ ಎಂದರು. ಯಾಕೆ ಎಂದೆ. ಹೇಳಿದರು. ಪಕ್ಕದಲ್ಲಿ ಹೂವಿನ ಕುಂಡ ಬೇಡ ಎಂದರು. ಯಾಕೆ ಎಂದೆ. ಅದಕ್ಕೂ ಹೇಳಿದರು. ಸಂಜೆಯ ಹೊತ್ತಿಗೆ ಹದಿನೈದು ಯಾಕೆಗಳಿಗೆ ಬೇಸರಿಸದೆ ಉತ್ತರ ಕೊಟ್ಟು, ಹದಿನಾರನೆಯದಕ್ಕೆ, ಅದು ನನಗೂ ಗೊತ್ತಿಲ್ಲ ಮೇಡಂ, ಹಾಗೆ ಮಾಡಿದರೆ ಸರಿಹೋಗುತ್ತದೆ ಅಷ್ಟೆ, ಎಂದು ನಕ್ಕರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೊದಲ ಕಂಪ್ಯೂಟರ್ ಮನುಷ್ಯ ಅವರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲೇ.

ಐವತ್ತರ ಹತ್ತಿರದ ವಯಸ್ಸು, ಒಣಕಲು ಮೈ, ತುಂಬು ತೋಳಿನ ಬಿಳಿ ಷರಟು. ಚಪ್ಪಲಿಯನ್ನು ಸರ್ವರ್ ಕೋಣೆಯ ಹೊರಗೆ ಬಿಡುತ್ತಿದ್ದರು. ಹೆಂಡತಿ ಹೊಲಿದುಕೊಟ್ಟ ಖಾಕಿ ಬಟ್ಟೆಯ ಚೀಲ. ಅದರಲ್ಲಿ ಕರ್ಚೀಫಿನಲ್ಲಿ ಸುತ್ತಿದ ಸ್ಕ್ರೂ ಡ್ರೈವರುಗಳು, ಧೂಳು ಒರೆಸಲು ಬಣ್ಣ ಬಳಿಯುವ ಒಂದು ಬ್ರಷ್ಷು, ಸ್ಟೀಲ್ ಡಬ್ಬಿಯ ಒಂದು ಮುಚ್ಚಳ. ಬಿಚ್ಚಿದ ಸ್ಕ್ರೂಗಳನ್ನು ಆ ಮುಚ್ಚಳದಲ್ಲಿ ಅವು ಇದ್ದ ಜಾಗದ ಹಾಗೇ ಜೋಡಿಸಿಡುತ್ತಿದ್ದರು. ಯಂತ್ರ ಬಿಸಿಯಾಗಿದೆಯೇ ಎಂದು ನೋಡಲು ಅಂಗೈ ಇಡುತ್ತಿರಲಿಲ್ಲ, ಮಗುವಿನ ಜ್ವರ ನೋಡುವ ತಾಯಿಯಂತೆ ಕೈಯ ಹಿಂಬದಿ ಇಡುತ್ತಿದ್ದರು. ಯಂತ್ರ ಏಳುವ ತನಕ ಟೀ ಕುಡಿಯುತ್ತಿರಲಿಲ್ಲ. ಹೀಗಾಗಿ ರಂಜಾನ್ ತಿಂಗಳಲ್ಲಿ ಬಂದರೂ ಅವರಿಗೆ ಉಪವಾಸವೋ ಬರೀ ಹಟವೋ ನಮಗೆ ತಿಳಿಯುತ್ತಿರಲಿಲ್ಲ.

ಅವರ ತಂದೆ ರೇಷ್ಮೆ ನೂಲು ತೆಗೆಯುವವರು. ಭಾಯ್ ಕೂಡ ಹದಿನೆಂಟರವರೆಗೆ ಕುದಿನೀರಿನ ಮುಂದೆ ಕೂತವರೇ. ಬೆರಳ ತುದಿಗಳು ಬೆಂದು ಬೆಳ್ಳಗಾಗಿದ್ದವು. ನಾನು ಅವಸರ ಮಾಡಿದಾಗಲೆಲ್ಲ ಅವರು ಹೇಳುತ್ತಿದ್ದ ಮಾತು ಅಲ್ಲಿಂದಲೇ ಬಂದದ್ದು. ಬೆಂದ ಗೂಡಿನ ಮೇಲೆ ಮೊದಲು ಕಡ್ಡಿಯಾಡಿಸಿ ನೂಲಿನ ತುದಿ ಹುಡುಕಬೇಕು, ತುದಿ ಸಿಗದೆ ಜಗ್ಗಿದರೆ ಗೂಡು ಗಂಟಾಗುತ್ತದೆ, ಆಮೇಲೆ ಅದು ಕಸಕ್ಕೇ. ಈ ಮಾತನ್ನು ಎಷ್ಟು ಸಲ ಕೇಳಿದೆನೋ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದನ್ನು ಅವರು ತಮ್ಮ ಕಸುಬಿನ ಭಾಷೆಯಲ್ಲಿ, ನೋಯದ ಹಾಗೆ, ನನಗೇ ಹೇಳುತ್ತಿದ್ದರೆಂದು ತಿಳಿಯಲು ಕಾಲ ಹಿಡಿಯಿತು.

ಅವರ ಇನ್ನೊಂದು ಪದ್ಧತಿ ವಿಚಿತ್ರವಾಗಿತ್ತು. ಎಲ್ಲಿ ಹೋದರೂ ಕೆಲಸ ಶುರು ಮಾಡುವ ಮೊದಲು ಅಲ್ಲಿನ ಯಜಮಾನರನ್ನು ಕೋಣೆಯಿಂದ ಹೊರಗೆ ಕಳಿಸುತ್ತಿದ್ದರು. ನೇರವಾಗಿ ಅಲ್ಲ. ಯಂತ್ರ ಕೊಂಡ ರಸೀದಿ ಬೇಕು ಸಾರ್, ನೀವೇ ಹುಡುಕಿದರೆ ಒಳ್ಳೆಯದು, ಅನ್ನುತ್ತಿದ್ದರು. ಆ ರಸೀದಿಯಿಂದ ಅವರಿಗೆ ಮೂರು ಕಾಸಿನ ಉಪಯೋಗವಿಲ್ಲ. ಯಾಕೆ ಎಂದು ನಾನು ಕೇಳದೆ ಇರುತ್ತೇನೆಯೇ? ಅದಕ್ಕೆ ಅವರು ಗೌರಿಬಿದನೂರಿನ ಒಂದು ಅಕ್ಕಿ ಗಿರಣಿಯ ಕಥೆ ಹೇಳಿದ್ದರು. ಅಲ್ಲಿ ಕಂಪ್ಯೂಟರ್ ಸತ್ತುಹೋಗಿದೆ ಎಂದು ಕರೆ ಬಂತು. ಹೋದರೆ ಎಲ್ಲರದೂ ಒಂದೇ ಮಾತು, ಯಾರೂ ಏನೂ ಮುಟ್ಟಿಲ್ಲ. ಯಜಮಾನರನ್ನು ರಸೀದಿ ಹುಡುಕಲು ಕಳಿಸಿದ ಮೇಲೆ ಸೊಸೆ ಮೆಲ್ಲಗೆ ಬಂದು, ಮಿಕ್ಸಿಗೆಂದು ಕಂಪ್ಯೂಟರಿನ ಪ್ಲಗ್ಗು ಕಿತ್ತಿದ್ದೆ, ವಾಪಸು ಸಿಕ್ಕಿಸುವಾಗ ಏನೋ ಚಟ್ ಅಂತು ಎಂದಳಂತೆ. ಭಾಯ್ ಸುಟ್ಟ ಫ್ಯೂಸು ಬದಲಿಸಿದರು. ಐದು ನಿಮಿಷದ ಕೆಲಸ. ಆದರೂ ಪೆಟ್ಟಿಗೆ ಬಿಚ್ಚಿ ಅರ್ಧ ಗಂಟೆ ಬ್ರಷ್ಷಿನಲ್ಲಿ ಫ್ಯಾನು ಒರೆಸುತ್ತ ಕೂತು, ಧೂಳು ಬಹಳ ಇತ್ತು ಸಾರ್ ಎಂದು ಹೇಳಿ ಬಂದರಂತೆ. ಧೂಳು ನಿಜವಾಗಿಯೂ ಇತ್ತು ಎಂದು ನನಗೆ ಎರಡೆರಡು ಸಲ ಹೇಳಿದರು.

“ಜನ ಸುಳ್ಳು ಹೇಳಲ್ಲ ಮೇಡಂ, ಹೆದರ್ಕೊಂಡಿರ್ತಾರೆ. ಹೆದರಿಕೆ ಆಚೆ ಕಳ್ಸಿದ್ರೆ ಅರ್ಧ ರಿಪೇರಿ ಆದಂಗೆ.”

ಈ ಮಾತು ಒಂದು ದಿನ ನನಗೇ ತಾಗುತ್ತದೆ ಎಂದು ಆಗ ಅನ್ನಿಸಿರಲಿಲ್ಲ.

ಎರಡು ಸಾವಿರದ ನಾಲ್ಕನೆಯ ಇಸವಿ ಇರಬೇಕು. ಆ ವರ್ಷ ದಸರಾ ರಂಜಾನ್ ತಿಂಗಳಲ್ಲೇ ಬಂದಿತ್ತು. ಆಯುಧಪೂಜೆಯ ದಿನ ನಮ್ಮ ಕಾಲೇಜಿನಲ್ಲಿ ಪ್ರಯೋಗಾಲಯದ ತಕ್ಕಡಿಯಿಂದ ಹಿಡಿದು ಗಂಟೆ ಹೊಡೆಯುವ ಕಬ್ಬಿಣದ ತುಂಡಿನವರೆಗೆ ಎಲ್ಲಕ್ಕೂ ಪೂಜೆ. ಅಟೆಂಡರ್ ಮುನಿರತ್ನಮ್ಮ ಬೆಳಗಿನಿಂದ ಒರೆಸುತ್ತಿದ್ದಳು. ಆಂಧ್ರದ ಗಡಿ ಕಡೆಯ ಹಳ್ಳಿಯವಳು, ಮನೆಮಾತು ತೆಲುಗು, ಕನ್ನಡದಲ್ಲೂ ಅದೇ ರಾಗ. ಹದಿನಾಲ್ಕು ವರ್ಷದಿಂದ ತಾತ್ಕಾಲಿಕ ಎಂಬ ಹಣೆಪಟ್ಟಿಯಲ್ಲೇ ದುಡಿಯುತ್ತಿದ್ದವಳು. ಅವಳನ್ನು ಕಾಯಂ ಮಾಡುವ ಕಾಗದ ಕೊನೆಗೂ ತಯಾರಾಗಿ, ಆಡಳಿತ ಮಂಡಳಿಯ ಸೆಕ್ರೆಟರಿಗಳ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಆ ಕಾಗದವನ್ನು ಟೈಪು ಮಾಡಿದವಳು ನಾನೇ.

ಸರ್ವರ್ ಆರಿಸಿ, ಅದನ್ನೂ ಒರೆಸು ಮುನಿರತ್ನಮ್ಮ, ಆ ಡಿಸ್ಕುಗಳನ್ನೂ ಹೊರಗೆ ತೆಗೆದು ಒರೆಸು, ಸಂದಿನಲ್ಲಿ ಧೂಳಿರುತ್ತೆ ಎಂದವಳು ನಾನು. ಅವಳು ಒಂದೊಂದೇ ಎಳೆದು, ಒಣಬಟ್ಟೆಯಲ್ಲಿ ಒರೆಸಿ, ಪೇಪರು ಹಾಸಿ ಸಾಲಾಗಿಟ್ಟು, ನಾಲ್ಕಕ್ಕೂ ಕುಂಕುಮ ಇಟ್ಟಳು. ಪೂಜೆಯಾಯಿತು, ಬೂದುಗುಂಬಳಕಾಯಿ ಒಡೆದದ್ದಾಯಿತು. ಕಡಲೆಪುರಿ ಹಂಚುವ ಗದ್ದಲದಲ್ಲಿ ಯಾರೋ ಆ ಪೇಪರನ್ನು ಪಕ್ಕಕ್ಕೆ ಎಳೆದಿದ್ದರು, ಡಿಸ್ಕುಗಳು ಒಂದರ ಮೇಲೊಂದು ರಾಶಿಯಾಗಿದ್ದವು. ನನಗೆ ಮನೆಗೆ ಹೋಗುವ ಅವಸರ. ಎಲ್ಲ ಒಂದೇ ಥರ ಇವೆ, ಯಾವುದು ಎಲ್ಲಿದ್ದರೇನು ಎಂದುಕೊಂಡು ಕೈಗೆ ಸಿಕ್ಕ ಹಾಗೆ ನಾಲ್ಕನ್ನೂ ತಳ್ಳಿ, ಹಿಡಿ ಮಡಚಿ ಬಂದೆ. ಎಲ್ಲಕ್ಕೂ ಯಾಕೆ ಎನ್ನುವವಳು ನನ್ನ ಕೈಯನ್ನು ಮಾತ್ರ ಯಾಕೆ ಎಂದು ಕೇಳಲಿಲ್ಲ.

ವಿಜಯದಶಮಿಯ ರಜೆ ಮುಗಿಸಿ ಬಂದು ಸರ್ವರ್ ಹಾಕಿದರೆ ಅದು ಏಳಲಿಲ್ಲ. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷು. ಕಾರ್ಡಿನ ನೆನಪಿನಲ್ಲಿರುವುದಕ್ಕೂ ಡಿಸ್ಕುಗಳಲ್ಲಿರುವುದಕ್ಕೂ ತಾಳೆಯಾಗುತ್ತಿಲ್ಲ, ಹಳೆಯ ಜೋಡಣೆ ಅಳಿಸಿ ಹೊಸದು ಮಾಡಲೇ, ಹೌದು ಅಥವಾ ಅಲ್ಲ ಹೇಳು ಎಂದು ಅದರ ಸಾರಾಂಶ. ಐದು ವರ್ಷದ ಅಂಕಪಟ್ಟಿ, ಹಾಜರಿ, ವರ್ಗಾವಣೆ ಪತ್ರಗಳ ವಿವರ, ಆ ವರ್ಷದ ಪರೀಕ್ಷೆ ಅರ್ಜಿಗಳು ಎಲ್ಲ ಅದರೊಳಗೆ. ಬೇರೆ ಪ್ರತಿ ಇಟ್ಟುಕೊಳ್ಳಬೇಕಾದ ಯಂತ್ರ ಕೆಟ್ಟು ಎರಡು ತಿಂಗಳಾಗಿತ್ತು. ಭೌತಶಾಸ್ತ್ರದ ಮೇಷ್ಟ್ರು ಬಂದು ನೋಡಿ, ಹೌದು ಅಂತ ಒತ್ತಿ ಮೇಡಂ, ಹೊಸದಾಗಿ ಜೋಡಿಸಿಕೊಳ್ಳುತ್ತೆ ಎಂದರು. ನನ್ನ ಬೆರಳು ಕೀಲಿಯ ಮೇಲೆ ಹೋಗಿತ್ತು. ಯಾಕೋ ತಡೆದು ಶಿಡ್ಲಘಟ್ಟಕ್ಕೆ ಫೋನು ಮಾಡಿದೆ.

ಪರದೆಯ ಮೇಲಿದ್ದುದನ್ನು ಅಕ್ಷರ ಅಕ್ಷರವಾಗಿ ಓದಿಸಿಕೊಂಡ ಭಾಯ್ ಹೇಳಿದರು:

“ಕೀಬೋರ್ಡ್ ವೈರ್ ಕಿತ್ತು ಬೀರೂನಲ್ಲಿಟ್ಟು ಬೀಗ ಹಾಕಿ. ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ. ನಾನು ಬಸ್ ಹತ್ತುತೀನಿ.”

ಆಗಲಿ ಎಂದು ಫೋನಿಟ್ಟು, ಹೇಳಿದ ಹಾಗೇ ಮಾಡಿದೆ.

ಅಷ್ಟರಲ್ಲಿ ಸುದ್ದಿ ಸೆಕ್ರೆಟರಿಗಳಿಗೆ ಮುಟ್ಟಿತ್ತು. ಅವರು ಕೆಟ್ಟವರಲ್ಲ, ಆದರೆ ಸಿಟ್ಟು ಬಂದರೆ ಮೂರು ಕೋಣೆಯಾಚೆಗೂ ಕೇಳಿಸುತ್ತಿತ್ತು. ಯಾರು ಮುಟ್ಟಿದ್ದು ಇದನ್ನ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ. ಪೂಜೆಯ ದಿನ ಮುನಿರತ್ನಮ್ಮ ಡಿಸ್ಕುಗಳನ್ನು ಹೊರಗೆ ತೆಗೆದು ಒರೆಸಿದ್ದಳು ಸಾರ್ ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಅಷ್ಟು ದೊಡ್ಡ ಸುಳ್ಳನ್ನು ನಾನು ಜೀವನದಲ್ಲಿ ಮತ್ತೆ ಹೇಳಿಲ್ಲ. ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಮುನಿರತ್ನಮ್ಮ ನನ್ನನ್ನು ಒಂದು ಸಲ ನೋಡಿದಳು.

ಇವತ್ತು ಸಂಜೆಯೊಳಗೆ ಇದು ಸರಿಹೋಗದಿದ್ದರೆ ನಾಳೆಯಿಂದ ಅವಳು ಬರುವುದು ಬೇಡ, ಆ ಕಾಗದವನ್ನೂ ಹರಿದುಹಾಕುತ್ತೇನೆ ಎಂದು ಹೇಳಿ ಅವರು ಹೊರಟುಹೋದರು. ನಾನು ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕೂತೆ. ಎದ್ದು ಹೋಗಿ ಹೇಳಬೇಕು ಎಂದು ಹತ್ತು ಸಲ ಅನ್ನಿಸಿತು. ಹತ್ತು ಸಲವೂ ಕಾಲು ಏಳಲಿಲ್ಲ. ಹೆದರಿದ್ದೆ, ಅಷ್ಟೆ, ಅದಕ್ಕೆ ಬೇರೆ ಚಂದದ ಹೆಸರು ಕೊಡುವುದಿಲ್ಲ.

ಭಾಯ್ ಬಂದಾಗ ಹನ್ನೆರಡು ದಾಟಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದವರು ಹಿಂದೆಯೇ ಬಂದ ಸೆಕ್ರೆಟರಿಗಳಿಗೆ ನಮಸ್ಕಾರ ಮಾಡಿ, ಸರ್ವರಿನ ಮೂಲ ರಸೀದಿ ಬೇಕಾಗುತ್ತದೆ ಸಾರ್ ಎಂದರು. ಪಾಪ, ಅವರು ಸ್ಟೋರಿನ ಕಡೆ ಹೋದರು. ಭಾಯ್ ಸರ್ವರಿನ ಸ್ವಿಚ್ ಆರಿಸಿ ಅದರ ಮುಂದೆ ನೆಲದ ಮೇಲೆ ಕೂತರು. ಮುಟ್ಟಲಿಲ್ಲ. ನಾಲ್ಕು ಡಿಸ್ಕಿನ ಮುಖದ ಮೇಲಿದ್ದ ನಾಲ್ಕು ಕುಂಕುಮದ ಬೊಟ್ಟುಗಳನ್ನು ನೋಡುತ್ತ ಬಹಳ ಹೊತ್ತು ಕೂತಿದ್ದರು.

ಇದನ್ನು ಯಾರು ಇಟ್ಟದ್ದು ಎಂದು ಕೇಳಿದರು. ಮುನಿರತ್ನಮ್ಮನ ಮುಖ ಬಿಳುಚಿತು. ಸಾಬರಿಗೆ ಕುಂಕುಮ ಕಂಡು ಬೇಜಾರಾಯಿತೇನೋ ಎಂದು ನನಗೂ ಕಸಿವಿಸಿಯಾಯಿತು. ಅವಳು ತಾನೇ ಎಂದಳು. ಭಾಯ್ ಅವಳ ಕಡೆ ತಿರುಗಿ ತೆಲುಗಿನಲ್ಲಿ “ಭಯಪಡೊದ್ದಮ್ಮಾ” ಎಂದು ಧೈರ್ಯ ತುಂಬಿ, ಎದುರಿಗೆ ಕೂರಲು ಹೇಳಿದರು. ನಮ್ಮ ಮನೆಯ ನೂಲಿನ ಕೆಲಸಕ್ಕೆ ಬರುವ ಹೆಂಗಸರೂ ಈ ಹಬ್ಬಕ್ಕೆ ಗೂಡು ಬೇಯಿಸುವ ಬೇಸಿನ್ನುಗಳಿಗೆಲ್ಲ ಕುಂಕುಮ ಇಡುತ್ತಾರೆ, ಅವತ್ತು ನಮ್ಮ ಅಬ್ಬಾ ಬೆಳಗ್ಗೆಯೇ ಒಲೆಗಳನ್ನು ಆರಿಸಿ ಕೊಡುತ್ತಿದ್ದರು ಎಂದು ಕಥೆ ಹೇಳಿದರು. ಒಂದು ಸಲ ಬೆರಳದ್ದಿ ಸಾಲಾಗಿ ಇಡುತ್ತ ಹೋಗುತ್ತಾರೆ, ಮೊದಲನೆಯ ಬೇಸಿನ್ನಿಗೆ ದಪ್ಪ ಬೊಟ್ಟು, ಕೊನೆಯದಕ್ಕೆ ಬರೀ ನೆರಳು. ನೀನೂ ಹಾಗೇ ಅಲ್ಲವೇನಮ್ಮ ಎಂದರು.

ಆಗ ನಾನು ನೋಡಿದೆ. ಬೆಳಗಿನಿಂದ ಕಣ್ಣೆದುರಿಗೇ ಇತ್ತು. ಮೇಲಿನಿಂದ ಎರಡನೆಯ ಖಾನೆಯದು ದಟ್ಟ ಕೆಂಪು, ತಳದ್ದು ಅದಕ್ಕಿಂತ ತಿಳಿ, ಮೇಲ್ತುದಿಯದು ಇನ್ನೂ ತಿಳಿ, ಮೂರನೆಯದರಲ್ಲಿ ಕಂಡೂ ಕಾಣದ ಹಾಗೆ ಒಂದು ಮಸುಕು. ಇಡೀ ಆಫೀಸು ಬಂದು ಆ ಪೆಟ್ಟಿಗೆಯನ್ನು ನೋಡಿ ಹೋಗಿತ್ತು, ಯಾರಿಗೂ ಅದು ಕಂಡಿರಲಿಲ್ಲ. ನಾಲ್ಕು ಡಿಸ್ಕನ್ನು ಇಪ್ಪತ್ತನಾಲ್ಕು ಥರ ಜೋಡಿಸಬಹುದು, ಇಪ್ಪತ್ತಮೂರು ತಪ್ಪು, ತಪ್ಪಾಗಿ ಜೋಡಿಸಿ ಕಾರ್ಡನ್ನು ಒಪ್ಪಿಸಿದರೆ ಅದು ನಂಬಿಕೊಂಡು ಬರೆಯಲು ಶುರು ಮಾಡಿಬಿಡುತ್ತದೆ, ಆಮೇಲೆ ದೇವರೂ ಬಿಡಿಸಲಾರ ಎಂದು ಭಾಯ್ ನನಗೆ ವಿವರಿಸಿದರು.

ಮೊದಲು ತೆಗೆದದ್ದು ಯಾವುದು ಎಂದು ಅವಳನ್ನು ಕೇಳಿದರು. ಮೇಲಿನದು ಎಂದಳು. ಭಾಯ್ ತಲೆಯಾಡಿಸಿ, ಈಗ ಯಾವುದು ಎಲ್ಲಿದೆ ಎಂದು ಕಾಗದದಲ್ಲಿ ಬರೆದುಕೊಂಡು, ಅವತ್ತು ತೆಗೆದ ಹಾಗೇ ಇನ್ನೊಂದು ಸಲ ತೆಗೆಯಮ್ಮ, ಬಾಯಲ್ಲಿ ಹೇಳಬೇಡ, ಕೈಗೆ ಬಿಡು ಎಂದರು. ಮುನಿರತ್ನಮ್ಮ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಪೇಪರು ಹಾಸಿದಳು. ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಅವಳ ಕೈ ಹೋದದ್ದು ಮೇಲಿನ ಖಾನೆಗಲ್ಲ, ತಳದ ಖಾನೆಗೆ. ನೆಲಕ್ಕೆ ಕೂತವಳಿಗೆ ಹತ್ತಿರ ಅದೇ. ತಳದಿಂದ ಒಂದೊಂದೇ ಎಳೆದು ಎಡದಿಂದ ಬಲಕ್ಕೆ ಇಡುತ್ತ ಬಂದಳು. ಕುಂಕುಮ ಎಲ್ಲಿಂದ ಎಂದಾಗ ಬೆರಳು ತಾನಾಗಿ ಎಡತುದಿಗೆ ಹೋಯಿತು. ತಾನು ಬಾಯಲ್ಲಿ ಹೇಳಿದ್ದು ತಲೆಕೆಳಗು ಎಂದು ಗೊತ್ತಾಗಿ ಅವಳೇ ಬೆಚ್ಚಿಬಿದ್ದಳು. ದಟ್ಟ ಬೊಟ್ಟಿನದು ತಳಕ್ಕೆ, ಮಸುಕಿನದು ಮೇಲ್ತುದಿಗೆ ಎಂದು ಭಾಯ್ ಬರೆದುಕೊಂಡರು.

ಅಲ್ಲಿಗೆ ಅವರಿಗೆ ಬೇಕಾದ್ದು ಸಿಕ್ಕಿತ್ತು. ಆದರೂ ಇನ್ನೊಂದು ಕೇಳಿದರು. ವಾಪಸು ಹಾಕಿದ್ದು ಯಾರಮ್ಮ?

“ನಾನೇ ಸಾಮಿ” ಎಂದಳು ಮುನಿರತ್ನಮ್ಮ.

ಹಾಗಾದರೆ ಒಂದು ಹಾಕಿ ತೋರಿಸಮ್ಮ ಎಂದರು ಭಾಯ್. ಅವಳು ಒಂದು ಡಿಸ್ಕನ್ನು ಎತ್ತಿಕೊಂಡು ಖಾನೆಗೆ ತಳ್ಳಿದಳು. ತಲೆಕೆಳಗಾಗಿ ಹಿಡಿದಿದ್ದಳು, ಹೋಗಲಿಲ್ಲ. ತಿರುಗಿಸಿ ತಳ್ಳಿದಳು, ಅರ್ಧಕ್ಕೆ ನಿಂತಿತು. ಹಿಡಿಯನ್ನು ಎಲ್ಲಿ ಮಡಚಬೇಕೋ ತಿಳಿಯದೆ ಅವಳ ಬೆರಳುಗಳು ತಡಕಾಡಿದವು. ಭಾಯ್ ಮೆಲ್ಲಗೆ ಅದನ್ನು ಅವಳ ಕೈಯಿಂದ ತೆಗೆದುಕೊಂಡರು. ನನ್ನ ಕಡೆ ನೋಡಲಿಲ್ಲ. ಬ್ರಷ್ಷು ತೆಗೆದು ಆ ಡಿಸ್ಕಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತ ಕೂತರು.

“ಹಾಕಿದ್ದು ನಾನು ಭಾಯ್” ಎಂದೆ.

ಹೂಂ ಎಂದರು, ಅಷ್ಟೆ. ಮುನಿರತ್ನಮ್ಮ ತಲೆ ತಗ್ಗಿಸಿದಳು. ಯಾಕೆ ನೀನೇ ಅಂದೆ ಎಂದು ಆಮೇಲೆ ಅವಳನ್ನು ಕೇಳಿದ್ದೆ. ನೀವು ದೊಡ್ಡವರ ಮುಂದೆ ಹೇಳಿಬಿಟ್ಟಿದ್ದಿರಲ್ಲ ಮೇಡಂ, ನಿಮ್ಮ ಮಾತು ಸುಳ್ಳಾಗಬಾರದು ಅಂತ, ಎಂದಳು. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಭಾಯ್ ಚೀಟಿ ನೋಡಿಕೊಂಡು ನಾಲ್ಕನ್ನೂ ಕೂರಿಸಿದರು. ನಾಲ್ಕು ಸಲ ಟಕ್ ಎಂದು ಹಿಡಿ ಮಡಚಿದ ಸದ್ದು. ಬಿಸ್ಮಿಲ್ಲಾ ಎಂದು ಸ್ವಿಚ್ ಒತ್ತಿದರು. ಫ್ಯಾನುಗಳು ಕೂಗಿದವು. ಪರದೆಯ ಮೇಲೆ ರೇಡ್ ಕಾರ್ಡಿನ ಹೆಸರು ಬಂತು. ಡಿಸ್ಕುಗಳನ್ನು ಎಣಿಸಿತು: ಒಂದು, ಎರಡು, ಮೂರು, ನಾಲ್ಕು. ಬೆಳಗ್ಗೆ ಆ ನಾಲ್ಕು ಸಾಲು ಬಂದದ್ದು ಈ ಜಾಗದಲ್ಲೇ. ಮುನಿರತ್ನಮ್ಮ ನನ್ನ ತೋಳು ಹಿಡಿದಿದ್ದಳು. ಆ ಸಾಲುಗಳು ಬರಲಿಲ್ಲ. ನಾಲ್ಕೂ ಡಿಸ್ಕಿನ ಹಸಿರು ದೀಪಗಳು ಪಟಪಟ ಮಿಣುಕಿದವು, ಪರದೆ ನೀಲಿಗೆ ತಿರುಗಿತು, ಹೆಸರು ಮತ್ತು ಗುಪ್ತಪದ ಕೊಡು ಎಂದು ಎಂದಿನ ಗತ್ತಿನಲ್ಲಿ ಕೇಳಿತು. ಸೆರಗಿನ ಗಂಟು ಬಿಚ್ಚಿ, ಬೀರು ತೆಗೆದು ಕೀಬೋರ್ಡ್ ತಂದುಕೊಟ್ಟೆ. ಒಳಗೆ ಎಲ್ಲವೂ ಇತ್ತು. ಐದು ವರ್ಷವೂ ಇತ್ತು. ಮುನಿರತ್ನಮ್ಮ ಗೋಡೆಗೊರಗಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ನಿಂತುಕೊಂಡೇ ಅತ್ತೆ.

ಭಾಯ್ ಪ್ರತಿ ಕೆಲಸಕ್ಕೂ ಒಂದು ವರದಿ ಬರೆದುಕೊಡುತ್ತಿದ್ದರು, ದುಂಡಗಿನ ಕನ್ನಡದಲ್ಲಿ. ದೂರು, ಕಾರಣ, ಪರಿಹಾರ ಎಂದು ಮೂರು ಕಾಲಂ. ಕಾರಣದ ಕಾಲಮ್ಮಿನಲ್ಲಿ ನನ್ನ ಹೆಸರು ಬರೆಯಿರಿ ಎಂದೆ. ಅವರು ತಲೆಯೆತ್ತಲಿಲ್ಲ. “ನನ್ನ ಕಾಗದದಲ್ಲಿ ಮಿಷನ್ ವಿಷಯ ಮಾತ್ರ ಮೇಡಂ. ನಿಮ್ದು ನೀವೇ ಹೇಳ್ಬೇಕು.” ಅವರು ಬರೆದದ್ದು ಇಷ್ಟು: ಡಿಸ್ಕುಗಳ ಜಾಗ ಬದಲಾಗಿತ್ತು. ತೆಗೆದವರು ಗುರುತು ಇಟ್ಟಿದ್ದರಿಂದ ಸರಿಹೋಯಿತು. ಏನೂ ನಷ್ಟವಿಲ್ಲ.

ಆ ಕಾಗದ ಹಿಡಿದು ಸೆಕ್ರೆಟರಿಗಳ ಕೋಣೆಗೆ ಹೋದೆ. ಅವರು ಧೂಳು ಮೆತ್ತಿದ ರಸೀದಿಯೊಂದಿಗೆ ಹೆಮ್ಮೆಯಿಂದ ಕೂತಿದ್ದರು. ವರದಿ ಕೊಟ್ಟೆ, ಓದಿದರು. ತೆಗೆಸಿದ್ದು ನಾನು, ತಪ್ಪಾಗಿ ಹಾಕಿದ್ದೂ ನಾನು, ಬೆಳಗ್ಗೆ ಅರ್ಧ ಮಾತ್ರ ಹೇಳಿದ್ದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಬಯ್ದರು. ಮೂರು ಕೋಣೆಯಾಚೆಗೆ ಕೇಳುವ ಹಾಗೆಯೇ ಬಯ್ದರು. ಬಯ್ಯುತ್ತ ಬಯ್ಯುತ್ತಲೇ ಫೈಲು ಎಳೆದು ಮುನಿರತ್ನಮ್ಮನ ಕಾಗದಕ್ಕೆ ಸಹಿ ಹಾಕಿದರು. ಅಷ್ಟು ಹಿತವಾದ ಬೈಗುಳವನ್ನು ನಾನು ಕೇಳಿಲ್ಲ.

ಹೊರಗೆ ಬಂದಾಗ ಐದು ಗಂಟೆ. ನಾಲ್ಕೂವರೆಯ ಬಸ್ಸಿಗೆ ಹೋಗಬೇಕಾಗಿದ್ದ ಭಾಯ್ ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ನನ್ನ ಮುಖವನ್ನೊಮ್ಮೆ ನೋಡಿದರು, ಬರ್ತೀನಿ ಎಂದು ಎದ್ದರು. ಯಂತ್ರ ಎದ್ದಿದೆಯಲ್ಲ, ಈಗಲಾದರೂ ಟೀ ಕುಡಿಯಿರಿ ಎಂದೆ. ಸೂರ್ಯ ಮುಳುಗಲಿ ಮೇಡಂ ಎಂದಾಗಲೇ ನನಗೆ ಹೊಳೆದದ್ದು. ಮನೆಯಲ್ಲಿ ಮಕ್ಕಳ ಜೊತೆ ಉಪವಾಸ ಬಿಡಬೇಕಾಗಿದ್ದ ಮನುಷ್ಯ ನನ್ನ ಸಲುವಾಗಿ ಕಾದು ಬಸ್ಸು ತಪ್ಪಿಸಿಕೊಂಡಿದ್ದರು. ಮುನಿರತ್ನಮ್ಮ ಓಡಿಹೋಗಿ ತಂದ ಎರಡು ಬಾಳೆಹಣ್ಣನ್ನು ಚೀಲಕ್ಕೆ ಹಾಕಿಕೊಂಡು, ದಾರಿಯಲ್ಲಿ ಬಸ್ಸಿನಲ್ಲೇ ರೋಜಾದ ಉಪವಾಸ ಬಿಟ್ಟರಂತೆ.

ಮುಂದಿನ ವರ್ಷದ ಆಯುಧಪೂಜೆಗೆ ಮೊದಲು ಅವರೇ ಬಂದು ಡಿಸ್ಕುಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದರು. ಬೊಟ್ಟಿಗೆ ಜಾಗ ಬಿಟ್ಟು ಬರೆದರು. ಆ ಸರ್ವರ್ ಗುಜರಿ ಸೇರುವವರೆಗೂ ಮುನಿರತ್ನಮ್ಮ ಪ್ರತಿ ವರ್ಷ ಕುಂಕುಮ ಇಟ್ಟಳು, ಮೊದಲನೆಯದಕ್ಕೆ ದಪ್ಪ, ಕೊನೆಯದಕ್ಕೆ ನೆರಳು.

ಶಿಡ್ಲಘಟ್ಟದಿಂದ ಬಂದ ಮರುದಿನ ದರ್ಜಿ ಕೊಟ್ಟ ನಂಬರಿಗೆ ಫೋನು ಮಾಡಿದೆ. ಮಗಳು ಅವರ ಕೈಗೆ ಕೊಟ್ಟಳು. ಕಣ್ಣು ಮಂಜಾಗಿದ್ದರೂ ದನಿ ಹಾಗೇ ಇತ್ತು. ಮುನಿರತ್ನಮ್ಮ ಹೇಗಿದ್ದಾರೆ ಎಂದು ಮೊದಲು ಕೇಳಿದರು. ಕಾಯಂ ಆಗಿಯೇ ನಿವೃತ್ತಿಯಾದಳು, ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುತ್ತಾಳೆ ಎಂದೆ. ಅಲ್ಹಮ್ದುಲಿಲ್ಲಾ ಎಂದು ಉಸಿರುಬಿಟ್ಟರು. ಇಷ್ಟು ವರ್ಷ ಕೇಳಬೇಕೆಂದಿದ್ದುದನ್ನು ಆಗ ಕೇಳಿದೆ. ಹಾಕಿದವಳು ನಾನು ಅಂತ ನಿಮಗೆ ಯಾವಾಗ ತಿಳಿಯಿತು, ಅವಳ ಬೆರಳು ತಡವರಿಸಿದಾಗಲೇ?

“ಅದಕ್ಕೆ ಮುಂಚೇನೇ ಮೇಡಂ. ಕೀಬೋರ್ಡಿಗೆ ಬೀಗ ಹಾಕಿ ಅಂತ ಫೋನಲ್ಲಿ ಹೇಳ್ದಾಗ, ನೀವು ಯಾಕೆ ಅಂತ ಕೇಳ್ಲಿಲ್ಲ.”

ಅಷ್ಟು ಗೊತ್ತಿದ್ದೂ ಆ ದಿನ ಬಂದ ತಕ್ಷಣವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಆ ಕಡೆಯಿಂದ ಹಳೆಯ ನಗು ಕೇಳಿಸಿತು.

“ಈಗ ಕೇಳಿದ್ರಿ ನೋಡಿ, ಯಾಕೆ ಅಂತ. ಚೆನ್ನಾಗಿದ್ದೀರಿ ಬಿಡಿ.”